ಮೂರು ಸಲ ಕೂಗಿದ ಮೇಲೆ

ಮಾರ್ಚ್ ೨೨

ತಮ್ಮನಿಗೆ,

ಈ ತಿಂಗಳ ಹನ್ನೊಂದನೇ ತಾರೀಕು, ಬುಧವಾರ ಮಧ್ಯಾಹ್ನ, ನಲ್ಲಿಯಲ್ಲಿ ನೀರು ಬಿಡುವ ಹೊತ್ತಿಗೆ, ಎದುರು ಮನೆಯ ಟೈಲರ್ ನಿನ್ನ ಭಾವನನ್ನು ಗುಂಡು ಹೊಡೆದು ಕೊಂದ. ಪಿಸ್ತೂಲು ನಿನ್ನ ಅಂಗಡಿಯದು. ಹೊಡೆಯುವ ಮುಂಚೆ ಅವನು ಮಾಡಿದ್ದೆಲ್ಲ ನೀನು ಕಲಿಸಿದ್ದು.

ಮಣ್ಣಿಗೆ ನೀನು ಬಂದಿದ್ದೆ, ನಾನು ನೋಡಿದೆ. ನೀನು ಗೇಟಿನ ಹತ್ತಿರವೇ ನಿಂತಿದ್ದೆ. ಸಂಜೆಗೆ ಹೊರಟುಹೋದೆ. ಹೇಗಾಯಿತು ಅಂತ ಒಬ್ಬರನ್ನೂ ಕೇಳಲಿಲ್ಲ. ಕೇಳದವನಿಗೂ ಹೇಳಬೇಕಾದ ಸಂಗತಿಗಳಿರುತ್ತವೆ, ಅದಕ್ಕೆ ಬರೆಯುತ್ತಿದ್ದೇನೆ.

ಹೋದ ವರ್ಷ ನಮ್ಮ ಬೀದಿಯಲ್ಲಿ ಕಳ್ಳತನ ಶುರುವಾದದ್ದು ನಿನಗೆ ಗೊತ್ತು. ಬೀಗ ಒಡೆಯದೆ, ಕೀಲಿ ಹಾಕಿ ತೆರೆದು ಒಳಗೆ ಬಂದಿದ್ದರು. ನಮ್ಮ ಬೀದಿಯ ಪದ್ಧತಿಯೂ ನಿನಗೆ ಹೊಸದಲ್ಲ. ಇಲ್ಲಿ ಪ್ರತಿ ಮನೆಯ ಇನ್ನೊಂದು ಕೀಲಿ ಅಕ್ಕಪಕ್ಕದ ಯಾವುದಾದರೂ ಮನೆಯ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ನೀರು ಬಿಡುವುದು ಎಲ್ಲರೂ ಕೆಲಸಕ್ಕೆ ಹೋದ ಮೇಲೆ. ಯಾರು ಮನೆಯಲ್ಲಿರುತ್ತಾರೋ ಅವರು ನಾಲ್ಕಾರು ಮನೆಯ ನಲ್ಲಿ ತಿರುಗಿಸಿ, ಡ್ರಮ್ಮು ತುಂಬಿಸಿ, ಬಾಗಿಲು ಹಾಕಿಕೊಂಡು ಬರುತ್ತಾರೆ. ಪ್ರೆಸ್ಸಿನ ಕೆಲಸದಿಂದ ನಿವೃತ್ತಿಯಾದ ದಿನದಿಂದ ಆ ಕೆಲಸ ನಿನ್ನ ಭಾವನದು. ಜೇಬಿನಲ್ಲಿ ಕೀಲಿಗೊಂಚಲು ಹೊತ್ತು ತಿರುಗುವುದನ್ನು ಕಂಡು ಮಕ್ಕಳು 'ಜೈಲರ್ ತಾತ' ಅನ್ನುತ್ತಿದ್ದರು. ಅವರಿಗದು ಕೇಳಿಸುತ್ತಿರಲಿಲ್ಲ. ಕೇಳಿಸಿದ್ದರೂ ಖುಷಿಯೇ ಪಡುತ್ತಿದ್ದರು.

ಕಳ್ಳತನವಾದ ಮೇಲೆ ಬೀದಿಯ ಸಂಘದವರು ಎರಡು ತೀರ್ಮಾನ ಮಾಡಿದರು. ಮನೆಗೊಂದು ಆಯುಧವಿರಲಿ, ಕೀಲಿಗಳನ್ನೆಲ್ಲ ವಾಪಸು ತೆಗೆದುಕೊಳ್ಳಲಿ. ಆಯುಧದ ವಿಷಯ ತಿಳಿಸಿಕೊಡಲು ನಿನ್ನನ್ನು ಕರೆಸಿದರು. ಕೀಲಿ ಕೇಳಲು ಒಬ್ಬೊಬ್ಬರಾಗಿ ಅವರೇ ಬಂದರು. "ಸಂಘದವರು ಹೇಳಿದ್ರು, ಅದಕ್ಕೆ..." ಅನ್ನುತ್ತ ಕೈಚಾಚುವರು. ನಿನ್ನ ಭಾವ ಗೊಂಚಲಿನಿಂದ ಬಿಡಿಸಿ ಕೊಡುವರು. ಟೈಲರ್ ಮಾತ್ರ ಬರಲಿಲ್ಲ. ಆಮೇಲೆ ಅವನ ಹೆಂಡತಿ ನನಗೆ ಹೇಳಿದ್ದು ಇಷ್ಟು: "ನಾಲ್ಕು ಸಲ ಹೊರಟ್ರು ಅಕ್ಕಾ. ಬಾಗಿಲವರೆಗೂ ಬಂದು ವಾಪಸ್ ಹೋದ್ರು. ಅಣ್ಣನ್ನ ಹೇಗೆ ಕೇಳೋದು, ನಂಬಿಕೆ ಇಲ್ಲ ಅಂದ ಹಾಗಾಗುತ್ತೆ ಅಂದ್ರು."

ಕೀಲಿ ಕೇಳಿದವರ ಮನೆಯಲ್ಲಿ ನಿನ್ನ ಭಾವ ಸಾಯಲಿಲ್ಲ. ಕೇಳಲು ನಾಚಿದವನ ಮನೆಯಲ್ಲಿ ಸತ್ತರು.

ಅಂದು ಟೈಲರ್‌ಗೆ ಜ್ವರ. ಅಂಗಡಿ ಮುಚ್ಚಿ ಬಂದು ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದ್ದ. ಮುಂಬಾಗಿಲಲ್ಲಿ ಕೀಲಿ ತಿರುಗಿದ ಸದ್ದು ಕೇಳಿ ಎದ್ದ. ಪಿಸ್ತೂಲು ತೆಗೆದುಕೊಂಡು ಮಂಚದ ಹಿಂದೆ ಕೂತ. "ಯಾರು?" ಅಂತ ಕೂಗಿದ. ಮತ್ತೆ ಕೂಗಿದ. ಮೂರನೇ ಸಲ "ಉತ್ತರ ಕೊಡಿ, ನನ್ನ ಕೈಲಿ ಪಿಸ್ತೂಲಿದೆ" ಅಂದ. ಪಕ್ಕದ ಮನೆಯವರಿಗೂ ಕೇಳಿಸಿತಂತೆ. ಹೆಜ್ಜೆ ಕೋಣೆಯ ಮುಂದೆ ಹಾದಾಗ ಮುಚ್ಚಿದ ಬಾಗಿಲ ಮೂಲಕವೇ ಹೊಡೆದ.

ಮುದ್ರಣ ಯಂತ್ರದ ಪಕ್ಕ ನಿಂತು ಕಿವಿ ಕಳೆದುಕೊಂಡ ಮನುಷ್ಯ. ಇಡೀ ಬೀದಿಗೆ ಗೊತ್ತು. ಅವರನ್ನು ಕರೆಯಬೇಕಾದರೆ ಎಲ್ಲರೂ ನೆಲಕ್ಕೆ ಕಾಲು ಬಡಿಯುತ್ತಿದ್ದರು. ಅದುರಿಕೆ ಅಂಗಾಲಿಗೆ ತಾಗಿದರೆ ತಿರುಗಿ ನೋಡಿ ನಗುತ್ತಿದ್ದರು. ಟೈಲರ್ ದಿನಕ್ಕೆ ಎಷ್ಟು ಸಲ ಹಾಗೆ ಕರೆದಿದ್ದಾನೋ. ಆ ಹೊತ್ತಿನಲ್ಲಿ ಒಂದೇ ಒಂದು ಸಲ ಕಾಲು ಬಡಿದಿದ್ದರೆ ಸಾಕಿತ್ತು.

ಸಂಘದ ನೋಟಿಸು ಸಭಾಂಗಣದ ಬಾಗಿಲಲ್ಲಿದೆ. 'ವಿಷಾದನೀಯ ಘಟನೆ. ನಿಯಮದಂತೆ ಮೂರು ಬಾರಿ ಎಚ್ಚರಿಕೆ ನೀಡಲಾಗಿದೆ. ಇದರಲ್ಲಿ ಯಾರ ತಪ್ಪೂ ಇಲ್ಲ.'

ಟೈಲರ್ ನಿನ್ನ ಅಂಗಡಿಗೆ ಬಂದಾಗ ಏನು ಹೇಳಿ ಕಳಿಸಿದೆ? ನನಗೆ ತಿಳಿಯಬೇಕು.

ನಿನ್ನ ಅಕ್ಕ


ಏಪ್ರಿಲ್ ೯

ಅಕ್ಕಾ,

ಕಾಗದ ಬಂದು ಎರಡು ವಾರವಾಯಿತು. ಕೂತು ಬರೆಯಲು ಆಗಿರಲಿಲ್ಲ.

ಕೇಳಿದ್ದಕ್ಕೆ ಹೇಳುತ್ತೇನೆ. ಟೈಲರ್ ಬಂದಾಗ ಉದ್ದ ಬಂದೂಕು ಬೇಕು ಅಂದ. ಗೋಡೆಗೆ ನೇತುಹಾಕಿದರೆ ನೋಡಿದವರು ಹೆದರುತ್ತಾರೆ ಅನ್ನುವುದು ಅವನ ಲೆಕ್ಕ. ಹೆದರಿಸುವುದಕ್ಕೆ ತಗೋಬೇಡ, ಹೆದರಿಸಲು ನಾಯಿ ಸಾಕು ಅಂದೆ. ಉದ್ದ ಬಂದೂಕನ್ನು ಭುಜಕ್ಕೆ ಆನಿಸಿ ಹಿಡಿಯುವುದರಿಂದ ಗುರಿ ತಪ್ಪುವುದು ಕಡಿಮೆ, ನಿಜ. ಆದರೆ ಅವನ ಮನೆಯ ಇಕ್ಕಟ್ಟಿನಲ್ಲಿ ತಿರುಗಿಸಿದ ಕಡೆಯೆಲ್ಲ ಬಾಗಿಲಿಗೋ ಬೀರುವಿಗೋ ತಾಗುತ್ತದೆ. ಮೇಲಾಗಿ ಬಗ್ಗಿ ಹೊಲಿದು ಹೊಲಿದು ಅವನ ಬಲಭುಜ ಏಳುವುದಿಲ್ಲ. ಅದಕ್ಕೆ ಪಿಸ್ತೂಲು ಕೊಟ್ಟೆ. ಒಂದು ಕೈಲಿ ಫೋನು ಹಿಡಿಯಬಹುದು. ಆದರೆ ಹೆದರಿದ ಕೈಗೆ ಪಿಸ್ತೂಲಿಗಿಂತ ಕೆಟ್ಟದ್ದು ಇನ್ನೊಂದಿಲ್ಲ, ಅದಕ್ಕೇ ಅಭ್ಯಾಸ ಬಿಡಬೇಡ ಅಂತಲೂ ಹೇಳಿದೆ. ತಿಂಗಳಿಗೊಮ್ಮೆ ಬಂದು ಗುರಿ ಅಭ್ಯಾಸ ಮಾಡಿಕೊಂಡು ಹೋಗುತ್ತಿದ್ದ. ಒಳ್ಳೆಯ ಕೈ. ಸೂಜಿಗೆ ದಾರ ಪೋಣಿಸುವವನ ಕೈ.

ಸಭಾಂಗಣದಲ್ಲಿ ಹೇಳಿದ್ದೂ ನಿನಗೆ ನೆನಪಿರಬೇಕು, ನೀನೂ ಕೂತಿದ್ದೆ. ಸದ್ದಾದ ಕೂಡಲೇ ಮನೆಯೆಲ್ಲ ಹುಡುಕುತ್ತ ಹೊರಡಬೇಡಿ ಅಂದೆ. ಮನೆಯವರನ್ನೆಲ್ಲ ಒಂದು ಕೋಣೆಗೆ ಸೇರಿಸಿ, ಬಾಗಿಲು ಹಾಕಿ, ಮಂಚದ ಹಿಂದೆ ಕೂತು ಪೊಲೀಸರಿಗೆ ಫೋನ್ ಮಾಡಿ ಅಂದೆ. ಕೂಗಿ ಹೇಳಿ, ಹೋಗುವವನಿಗೆ ಹೋಗಲು ದಾರಿ ಬಿಡಿ ಅಂದೆ. ಪ್ಲೈವುಡ್ ಬಾಗಿಲು ಗುಂಡಿನ ಮುಂದೆ ಕಾಗದ, ಆಚೆ ಯಾರಿದ್ದಾರೆಂದು ಕಾಣದೆ ಹೊಡೆಯಬೇಡಿ ಅಂದೆ. ಅಂದೆನೋ ಇಲ್ಲವೋ, ನೀನೇ ಹೇಳು.

ಹಾಗಾಗಿ ಅಕ್ಕ, ನಾನು ಕಲಿಸಿದ್ದರಲ್ಲಿ ತಪ್ಪಿಲ್ಲ. ಇದನ್ನು ದರ್ಪದಿಂದ ಬರೆಯುತ್ತಿಲ್ಲ. ಬೇರೆ ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ.

ಈಗ ನೀನು ಒಬ್ಬಳೇ. ಬಾಗಿಲಿಗೆ ಒಳಗಿನಿಂದ ಗಟ್ಟಿ ಅಗಳಿ ಹಾಕಿಸು. ಕೈಗೆ ಹಗುರವಾದದ್ದೊಂದು ಬೇಕಾದರೆ ಹೇಳು, ನಾನೇ ತಂದುಕೊಡುತ್ತೇನೆ.

ನಿನ್ನ ತಮ್ಮ


ಏಪ್ರಿಲ್ ೧೭

ತಮ್ಮನಿಗೆ,

ನನಗೆ ಹಗುರವಾದದ್ದು ಬೇಡ. ನೀನು ತಂದುಕೊಟ್ಟರೆ ಯಾರ ಮೇಲೆ ಗುರಿ ಇಡಬೇಕೆಂದು ನನಗೆ ತಿಳಿಯುವುದಿಲ್ಲ. ಅಥವಾ ಚೆನ್ನಾಗಿ ತಿಳಿದುಬಿಡುತ್ತದೆ.

ನೀನು ಬರೆದದ್ದೆಲ್ಲ ನಿಜ. ಕಾಣದೆ ಹೊಡೆಯಬೇಡಿ ಅಂದೆ. ಒಂದು ಕೋಣೆಯಲ್ಲಿ ಕೂತಿರಿ ಅಂದೆ. ಎಲ್ಲವೂ ನೆನಪಿದೆ. ಬದುಕೆಲ್ಲ ಲೈಬ್ರರಿಯಲ್ಲಿ ಕಳೆದವಳು ನಾನು, ಯಾವ ಪುಸ್ತಕ ಯಾವ ಕಪಾಟಿನಲ್ಲಿತ್ತು ಅನ್ನುವುದನ್ನೇ ಇನ್ನೂ ಮರೆತಿಲ್ಲ. ಆದರೆ ಒಂದನ್ನು ನೀನು ಬಿಟ್ಟು ಬರೆದಿದ್ದೀಯ. ಅದನ್ನು ನಾನು ಬರೆಯುತ್ತೇನೆ.

ನೀನು ಪಾಠ ಹೇಳಿದ್ದು ಒಂದು ಭಾನುವಾರ ಬೆಳಿಗ್ಗೆ. ಕುರ್ಚಿ ಸಾಲದೆ ಕೆಲವರು ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದರು. ಮೇಜಿನ ಮೇಲೆ ನಾಲ್ಕು ಬಗೆಯ ಬಂದೂಕು ಸಾಲಾಗಿ ಇಟ್ಟಿದ್ದೆ, ಒಡವೆ ತೋರಿಸಲು ತಂದ ಹಾಗೆ ಬಟ್ಟೆ ಹಾಸಿ. ಔಷಧಿ ಅಂಗಡಿಯವರು, ಅವರೇ ನಮ್ಮ ಸಂಘದ ಅಧ್ಯಕ್ಷರು, ನಿನ್ನ ಪಕ್ಕ ನಿಂತಿದ್ದರು. ನಿನ್ನ ಭಾವ ಮೊದಲ ಸಾಲಿನಲ್ಲಿದ್ದರು. ಅವರಿಗೊಂದು ಅಕ್ಷರ ಕೇಳಿಸದಿದ್ದರೂ ಭಾಮೈದ ಮಾತಾಡುತ್ತಾನೆಂದು ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು.

ಕೊನೆಯಲ್ಲಿ ಪ್ರಶ್ನೆ ಕೇಳಿ ಅಂದೆ. ಟೈಲರ್ ಎದ್ದ. ಅವನು ಸಭೆಯಲ್ಲಿ ಮಾತಾಡುವವನಲ್ಲ. ಟೇಪು ಇನ್ನೂ ಕೊರಳಲ್ಲೇ ಇತ್ತು.

"ಮೂರು ಸಲ ಕೂಗಿದ್ಮೇಲೂ ಉತ್ತರ ಬರ್ಲಿಲ್ಲ ಅಂದ್ರೆ ಏನ್ಮಾಡೋದು ಸಾರ್?"

ಅದು ಒಳ್ಳೆಯ ಪ್ರಶ್ನೆ. ಆ ಬೆಳಿಗ್ಗೆ ಆ ಕೋಣೆಯಲ್ಲಿ ಯಾರಾದರೂ ಕೇಳಿದ ಒಂದೇ ಒಂದು ಒಳ್ಳೆಯ ಪ್ರಶ್ನೆ. ನೀನು ಒಂದು ಗಳಿಗೆ ತಡೆದೆ. ಆಮೇಲೆ ನಿನಗೆ ನಗಿಸುವ ಚಟ.

"ನೆಂಟ ಆದ್ರೆ ಬಾಯಿ ಬಿಡ್ತಾನಪ್ಪ. ಬಾಯಿ ಬಿಡದವನಿಗೆ ಕಾಫಿ ಕೊಡ್ಬೇಡ, ಬೇರೆ ಏನಾದ್ರೂ ಕೊಡು."

ಸಭೆಯೆಲ್ಲ ಗೊಳ್ಳೆಂದಿತು. ಅಧ್ಯಕ್ಷರು ನಿನ್ನ ಬೆನ್ನು ತಟ್ಟಿದರು. ಟೈಲರ್ ಕೂಡ ನಗುತ್ತ ಕೂತ. ನಿನ್ನ ಭಾವ ಹಿಂದೆ ತಿರುಗಿ ನೋಡಿದರು. ಎಲ್ಲರೂ ನಗುತ್ತಿದ್ದಾರೆ, ಭಾಮೈದ ಏನೋ ಚೆನ್ನಾಗಿ ಹೇಳಿದ್ದಾನೆ. ಅವರೂ ಜೋರಾಗಿ ನಕ್ಕರು. ಎಲ್ಲರ ನಗು ನಿಂತ ಮೇಲೂ ಅವರದೊಂದೇ ಸ್ವಲ್ಪ ಹೊತ್ತು ಕೇಳುತ್ತಿತ್ತು, ಯಾಕೆಂದರೆ ಯಾವಾಗ ನಿಲ್ಲಿಸಬೇಕೆಂಬುದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಮನೆಗೆ ಬಂದ ಮೇಲೆ ನನ್ನ ಮುಖ ನೋಡಿ, "ಏನು ಹೇಳಿದ ಅವನು?" ಅಂತ ಕೇಳಿದರು. ಅವರಿಗೆ ತುಟಿ ಕಾಣುವ ಹಾಗೆ "ಏನೋ ಕಾಫಿ ವಿಷಯ" ಅಂದೆ.

ಆ ಬೆಳಿಗ್ಗೆಯ ನಿನ್ನ ಪಾಠದಲ್ಲಿ ಬೀದಿಗೆ ಉಳಿದದ್ದು ಅದೊಂದೇ ಮಾತು. ಕಾಣದೆ ಹೊಡೆಯಬೇಡಿ ಅಂದದ್ದಕ್ಕೆ ಯಾರೂ ನಕ್ಕಿರಲಿಲ್ಲ, ಹಾಗಾಗಿ ಅದು ಯಾರಿಗೂ ನೆನಪಿರಲಿಲ್ಲ. ಬಾಯಿ ಬಿಡದವನಿಗೆ ಕಾಫಿ ಬೇಡ ಅನ್ನುವುದು ಮಾತ್ರ ಹಾಲಿನ ಅಂಗಡಿಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಮಕ್ಕಳ ಆಟದಲ್ಲಿ ಓಡಾಡಿತು. ಆ ಮಧ್ಯಾಹ್ನ ಜ್ವರದ ತಲೆಯಲ್ಲಿ ಮಂಚದ ಹಿಂದೆ ಕೂತವನ ಕಿವಿಯಲ್ಲಿ ಯಾವ ಮಾತು ಇದ್ದಿರಬಹುದು, ನೀನೇ ಯೋಚಿಸು.

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಮುತ್ತು ಒಡೆದರೆ ಹೋಗುತ್ತದೆ, ನಿಜ. ಮಾತು ಹೋಗುವುದಿಲ್ಲ ತಮ್ಮ. ಅದು ಯಾರದೋ ಮನೆಯಲ್ಲಿ ಕಾಯುತ್ತ ಕೂತಿರುತ್ತದೆ.

ಅದೇ ಸಭಾಂಗಣಕ್ಕೆ ಬಂದು, ಅದೇ ಜನರ ಮುಂದೆ, ಅವನ ಪ್ರಶ್ನೆಗೆ ಸರಿಯಾದ ಉತ್ತರ ಹೇಳು. ನಾನು ಕೇಳುವುದು ಇಷ್ಟೇ.

ಅಕ್ಕ


ಜೂನ್ ೩೦

ತಮ್ಮನಿಗೆ,

ಏಪ್ರಿಲ್‌ನಲ್ಲಿ ಬರೆದದ್ದಕ್ಕೆ ಉತ್ತರ ಬಂದಿಲ್ಲ. ಅಂಚೆಯವನು ಗೇಟಿನಲ್ಲಿ ನಿಂತು ತನ್ನ ಹೆಸರು ಕೂಗುತ್ತಾನೆ. ಈಗ ಎಲ್ಲರೂ ಹಾಗೆಯೇ. ನಮ್ಮ ಬೀದಿಯಲ್ಲಿ ಈಗ ಒಬ್ಬರ ಮನೆಗೆ ಒಬ್ಬರು ಹೋಗುವುದೇ ಅಪರೂಪ. ಹೋದರೂ ಎರಡೂ ಕೈ ಕಾಣುವಂತೆ ಹಿಡಿದು, "ನಾನು, ನಾನು" ಅನ್ನುತ್ತ ಮೆಟ್ಟಿಲು ಹತ್ತುತ್ತಾರೆ. ಮಕ್ಕಳ ಚೆಂಡು ಕಾಂಪೌಂಡಿನೊಳಗೆ ಬಿದ್ದರೆ ಹೋಯಿತು, ಯಾರೂ ತರಲು ಹೋಗುವುದಿಲ್ಲ. ನೀರು ಬರುವ ಮಧ್ಯಾಹ್ನ ಬೀಗ ಹಾಕಿದ ಮನೆಗಳ ನಲ್ಲಿ ಹಾಗೇ ಒಣಗಿರುತ್ತವೆ. ಮಾರ್ಚ್ ನಂತರ ಇನ್ನೂ ಆರು ಮನೆಯವರು ಪಿಸ್ತೂಲು ಕೊಂಡರು. ನಿನ್ನ ಅಂಗಡಿಯಲ್ಲಲ್ಲ, ಬೇರೆಡೆ. ಕಳ್ಳರು ಮತ್ತೆ ಬಂದಿಲ್ಲ. ಸಂಘದವರು ಅದನ್ನು ಯಶಸ್ಸು ಅನ್ನುತ್ತಾರೆ.

ಅಧ್ಯಕ್ಷರು ಮನೆಗೆ ಬಂದಿದ್ದರು. ಅವರೂ ಗೇಟಿನಲ್ಲಿ ಕೂಗಿಯೇ ಬಂದರು. ನಾನು ಸಂಘಕ್ಕೆ ಬರೆದ ಅರ್ಜಿ ಅವರ ಕೈಯಲ್ಲಿತ್ತು.

"ಅಮ್ಮಾ, ಆದದ್ದು ಆಗಿಹೋಯ್ತು. ಕೆದಕಿದ್ರೆ ಪಾಪ ಟೈಲರ್ ಜೈಲಿಗೆ ಹೋಗ್ತಾನೆ. ನಿಮಗೂ ಅದು ಇಷ್ಟ ಇಲ್ಲ, ಅಲ್ವಾ?"

"ಟೈಲರ್ ಜೈಲಿಗೆ ಹೋಗೋದು ಬೇಡ. ನೀವೆಲ್ಲ ಸಭಾಂಗಣಕ್ಕೆ ಬರೋದು ಬೇಕು."

"ಬಂದು ಏನ್ಮಾಡೋಣ?"

"ಉತ್ತರ ಹೇಳಿ."

"ಯಾವ ಪ್ರಶ್ನೆಗೆ?"

"ಟೈಲರ್ ಕೇಳಿದ್ನಲ್ಲ, ಅದಕ್ಕೆ. ನೀವು ನಕ್ಕಿರಿ."

ಅವರು ಚಹಾದ ಲೋಟ ಕೆಳಗಿಟ್ಟರು. "ನೋಡಿ, ನಿಯಮ ಅಂತ ಇದ್ಮೇಲೆ ಒಬ್ಬೊಬ್ಬರಿಗೆ ಒಂದೊಂದು ಮಾಡೋಕಾಗಲ್ಲ. ಕಿವಿ ಕೇಳದವರಿಗೆ ಬೇರೆ, ಮಾತು ಬಾರದವರಿಗೆ ಬೇರೆ, ಮಕ್ಕಳಿಗೆ ಬೇರೆ ಅಂತ ಹೊರಟ್ರೆ ಯಾರಿಗೂ ಹೊಡೆಯೋಕಾಗಲ್ಲ."

"ಹೌದು," ಅಂದೆ. "ಹೊಡೆಯೋಕಾಗಲ್ಲ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾತಿಯವರು. ಇಲ್ಲಿ ಹಾವೇ ಇರಲಿಲ್ಲ ಅನ್ನುವುದು ಅವರಿಗಿನ್ನೂ ಹೊಳೆದಿಲ್ಲ.

ಟೈಲರ್ ಈಗ ಇಲ್ಲಿಲ್ಲ. ಹೆಂಡತಿಯ ತವರಿನಲ್ಲಿದ್ದಾನೆ. ಅವಳು ಬಟ್ಟೆಬರೆ ಒಯ್ಯಲು ಬಂದಿದ್ದಳು. ತನ್ನ ಮನೆಯ ಬಾಗಿಲು ತೆರೆಯಲಾರದೆ ನಮ್ಮ ಮನೆಯಲ್ಲಿ ಕೂತಳು.

"ಹೊಲಿಯೋದು ಬಿಟ್ಟುಬಿಟ್ಟಿದ್ದಾರೆ ಅಕ್ಕಾ. ಊಟ ಮಾಡ್ತಾ ಮಾಡ್ತಾ ಕಾಲು ಬಡೀತಾರೆ. ಮಲಗಿರೋವಾಗ್ಲೂ ಬಡೀತಾರೆ. ಅಮ್ಮನಿಗೆ ಹೆದರಿಕೆ ಆಗುತ್ತೆ. ಏನಕ್ಕೆ ಅಂತ ನಾನು ಅವರಿಗೆ ಹೇಳಿಲ್ಲ."

ಅವಳ ಮನೆಯ ಕೀಲಿ ನಮ್ಮ ಗೋಡೆಯ ಮೊಳೆಯಲ್ಲಿತ್ತು. ಪೊಲೀಸರು ನಿನ್ನ ಭಾವನ ಕನ್ನಡಕದ ಜೊತೆ ಒಂದೇ ಲಕೋಟೆಯಲ್ಲಿ ಹಾಕಿ ಕೊಟ್ಟಿದ್ದರು. ತೆಗೆದುಕೊಂಡು ಹೋಗು ಅಂದೆ. ಅವಳು ಅದರ ಕಡೆ ನೋಡಿದಳು, ಕೈ ಚಾಚಲಿಲ್ಲ. "ಅದು ಅಲ್ಲೇ ಇರಲಿ ಅಕ್ಕಾ. ಅಣ್ಣ ಇಟ್ಟಿದ್ದ ಜಾಗ."

ಇನ್ನೊಂದು ಮಾತು ನೆನಪಿಸುತ್ತೇನೆ. ಗಿರಣಿಯ ಮುಷ್ಕರದ ವರ್ಷ, ಊರಿಗೆ ಸೈನಿಕರು ಬಂದಿದ್ದಾಗ, ನೀನು ಕಾಲೇಜಿನಲ್ಲಿದ್ದೆ. ಮೆರವಣಿಗೆಗೆ ಲಾಠಿ ಬಿದ್ದ ಆ ಬೆಳಿಗ್ಗೆ ನೀನು ಓಡಿ ಬಂದು ನುಗ್ಗಿದ್ದು ಈ ಮನೆಗೆ. ಆಗ ಈ ಬೀದಿಯಲ್ಲಿ ನಮಗೆ ಒಬ್ಬರ ಪರಿಚಯವೂ ಇರಲಿಲ್ಲ. ನಿನ್ನ ಭಾವನ ತಾಯಿ ಒಲೆಯ ಮುಂದೆ ಕೂತಿದ್ದರು. "ಯಾರಪ್ಪಾ ನೀನು?" ಅಂತ ಕೇಳಿದರು. ಮತ್ತೆ ಕೇಳಿದರು. ನೀನು ಬಾಯಿ ಬಿಡಲಿಲ್ಲ. ಬಿಡಲು ಉಸಿರೇ ಇರಲಿಲ್ಲ ಅಂತ ನೀನೇ ಎಷ್ಟು ಸಲ ಹೇಳಿ ನಗಿಸಿದ್ದೀಯ. ಆಕೆ ಮೂರನೇ ಸಲ ಕೇಳಲಿಲ್ಲ. ಒಂದು ಲೋಟ ನೀರು ಕೊಟ್ಟು, ಪ್ರೆಸ್ಸಿಗೆಂದು ತಂದಿಟ್ಟಿದ್ದ ಕಾಗದದ ಕಟ್ಟುಗಳ ಹಿಂದೆ ಕೂರಿಸಿದರು. ಸೈನಿಕರು ಬಂದು ಕೇಳಿದಾಗ ನಿನ್ನ ಭಾವ, ಆಗಿನ್ನೂ ಕಿವಿ ಚೆನ್ನಾಗಿದ್ದ ಹುಡುಗ, "ನನ್ನ ತಮ್ಮ, ಜ್ವರ" ಅಂದರು. ಮರುದಿನ ನಿನ್ನನ್ನು ಕರೆದುಕೊಂಡು ಹೋಗಲು ಬಂದವಳು ನಾನು. ನಾನು ಈ ಮನೆಯ ಸೊಸೆಯಾದದ್ದೇ ನೀನು ಉತ್ತರ ಕೊಡದೆ ಒಳಗೆ ಬಂದದ್ದರಿಂದ.

ಅಂದು ಆ ಮುದುಕಿಗೆ ನಿನ್ನ ಪಾಠವಾಗಿದ್ದರೆ ಏನಾಗುತ್ತಿತ್ತು?

ಉತ್ತರ ಬರೆ.

ಅಕ್ಕ


ಆಗಸ್ಟ್ ೨೪

ಅಕ್ಕಾ,

ನಿನ್ನ ಎರಡೂ ಕಾಗದ ಬಂದವು. ಏಪ್ರಿಲ್‌ನದನ್ನು ಪೂರ್ತಿ ಓದಲು ನನಗೆ ಜೂನ್ ಆಯಿತು. ಭಾವ ತಿರುಗಿ ನೋಡಿ ನಕ್ಕರು ಅಂತ ಬರೆದಿದ್ದೀಯಲ್ಲ, ಅಲ್ಲಿಗೆ ಬಂದು ಮಡಿಸಿಡುತ್ತಿದ್ದೆ.

ಅವರು ನಕ್ಕದ್ದು ನನಗೂ ಕಂಡಿತ್ತು. ಭಾವನನ್ನೂ ನಗಿಸಿದೆ ಅಂತ ಖುಷಿಯಾಗಿತ್ತು.

ಅಂಗಡಿ ನಡೆಯುತ್ತಿದೆ. ಮೊದಲಿಗಿಂತ ಚೆನ್ನಾಗಿಯೇ. ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ಇನ್ನಷ್ಟು ಜನ ಬರುತ್ತಿದ್ದಾರೆ, ಯಾಕೆಂದು ಕೇಳಬೇಡ. ಬಂದವರಿಗೆಲ್ಲ ನಾನು ಈಗ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಗೆ ಹೇಳದೆ ಬರುವವರು ಯಾರು ಯಾರಿದ್ದಾರೆ? ಅವರು ಯೋಚಿಸಿ, "ಯಾರೂ ಇಲ್ಲ" ಅನ್ನುತ್ತಾರೆ. ಮತ್ತೆ ಕೇಳುತ್ತೇನೆ. ಆಗ ಒಬ್ಬೊಬ್ಬರಾಗಿ ಹೊರಬರುತ್ತಾರೆ. ಕುಡಿದು ಬರುವ ತಮ್ಮ, ಅರಿವು ತಪ್ಪಿದ ಅಜ್ಜಿ, ಜಗಳವಾಡಿ ಹೋದ ಮಗಳು. ಆಮೇಲೆ ಅವರೇ ನಗುತ್ತಾರೆ. "ಏನ್ ಸಾರ್, ಮಾರೋಕೆ ಕೂತಿದೀರೋ ಬೇಡ ಅನ್ನೋಕೋ?" ಅನ್ನುತ್ತಾರೆ. ಆಮೇಲೆ ಕೊಳ್ಳುತ್ತಾರೆ. ನಾನೂ ಮಾರುತ್ತೇನೆ. ನೀರಿಗೆ ಬಿದ್ದವನಿಗೆ ಚಳಿಯೇನು ಅಂದುಕೊಂಡಿದ್ದೆ. ಚಳಿಯಾಗುತ್ತದೆ ಅಕ್ಕ.

ಸಭಾಂಗಣದ ವಿಷಯ. ವಕೀಲರನ್ನು ಕೇಳಿದೆ. ಕೇಸಿನ್ನೂ ಮುಗಿದಿಲ್ಲ, ನಾಲ್ಕು ಜನರೆದುರು ಬಾಯಿ ಬಿಟ್ಟರೆ ಲೈಸೆನ್ಸು ಹೋಗುತ್ತದೆ, ಸುಮ್ಮನಿರು ಅಂದರು. ಆರು ಜನ ಕೆಲಸದವರಿದ್ದಾರೆ. ಮಗಳ ಓದು ಇನ್ನೂ ಮುಗಿದಿಲ್ಲ.

ಕಾರಣ ಅದಲ್ಲ. ನಿನಗೆ ಸುಳ್ಳು ಹೇಳಲಾರೆ. ಟೈಲರ್ ಕೇಳಿದಾಗ ನಾನು ತಡೆದೆನಲ್ಲ ಒಂದು ಗಳಿಗೆ, ನೀನು ಗಮನಿಸಿದ್ದೀಯ. ಆಗ ನನಗೆ ಉತ್ತರ ಗೊತ್ತಿತ್ತು. ಉತ್ತರ ಬರದಿದ್ದರೆ ಏನೂ ಮಾಡಬೇಡ, ಆಚೆಯವನೇ ಬಾಗಿಲು ತೆರೆಯುವವರೆಗೂ ಕಾದುಕೊಂಡು ಕೂತಿರು. ಅಷ್ಟೇ. ಆದರೆ ಹಾಗಂದರೆ, ಸುಮ್ಮನೆ ಕೂರುವುದಕ್ಕೆ ಪಿಸ್ತೂಲು ಯಾಕೆ ಅಂತ ಎಲ್ಲರಿಗೂ ಅನಿಸುತ್ತಿತ್ತು. ಮೇಜಿನ ಮೇಲೆ ನಾಲ್ಕು ಇಟ್ಟುಕೊಂಡು ನಿಂತಿದ್ದೆ. ಅದಕ್ಕೆ ನಗಿಸಿದೆ.

ಇದನ್ನು ನಿನಗೆ ಬರೆಯಬಲ್ಲೆ. ಅಲ್ಲಿ ನಿಂತು ಹೇಳಲಾರೆ. ನನ್ನನ್ನು ಬಿಟ್ಟುಬಿಡು.

ತಮ್ಮ


ಸೆಪ್ಟೆಂಬರ್ ೧೨

ತಮ್ಮನಿಗೆ,

ಬಿಟ್ಟುಬಿಡು ಅಂದಿದ್ದೀಯ. ಬಿಡಬೇಕೆಂದೇ ಯೋಚಿಸಿದ್ದೆ. ವಯಸ್ಸಾಯಿತು, ನೀನೊಬ್ಬನೇ ಉಳಿದಿರುವುದು. ಮೊನ್ನೆ ಎರಡು ಸಂಗತಿ ನಡೆಯದಿದ್ದರೆ ಬಿಟ್ಟೂಬಿಡುತ್ತಿದ್ದೆ.

ಒಂದು, ಕೇಸು ಮುಚ್ಚಿದರು. ಎಚ್ಚರಿಕೆ ಕೊಟ್ಟ ಮೇಲೆಯೇ ಹೊಡೆದದ್ದು, ಸ್ವರಕ್ಷಣೆ ಅಂದರು. ಟೈಲರ್‌ಗೆ ಇದನ್ನು ಹೇಳಿದಾಗ, "ಹಾಗಾದ್ರೆ ನಾನು ಸರಿಯಾಗೇ ಮಾಡಿದ್ನಾ?" ಅಂತ ಕೇಳಿದನಂತೆ. ಸಮಾಧಾನಕ್ಕೆಂದು ಮನೆಯವರು ಹೌದು ಅಂದರಂತೆ. ಅವನು ಗೋಡೆಗೆ ತಲೆ ಬಡಿದುಕೊಂಡನಂತೆ. ಅವನ ಹೆಂಡತಿ ಫೋನಿನಲ್ಲಿ ಹೇಳಿದಳು. ಅವನಿಗೆ ಬೇಕಾಗಿದ್ದದ್ದು ತಪ್ಪು ಅನ್ನುವ ಒಂದು ಮಾತು. ಕೊಡುವವರು ಯಾರೂ ಇಲ್ಲ.

ಇನ್ನೊಂದು. ಬುಧವಾರ ನೀರು ಬಂತು. ಯಾಕೆಂದು ಗೊತ್ತಿಲ್ಲ, ಮೊಳೆಯಿಂದ ಆ ಕೀಲಿ ತೆಗೆದುಕೊಂಡು ಎದುರು ಮನೆಗೆ ಹೋದೆ. ಮಾರ್ಚ್‌ನಿಂದ ಯಾರೂ ಕಾಲಿಟ್ಟಿರಲಿಲ್ಲ. ಕೋಣೆಯ ಬಾಗಿಲಲ್ಲಿ ತೂತು ಹಾಗೇ ಇದೆ, ಟೈಲರ್‌ನ ಗುಂಡಿಡಬ್ಬಿಯ ದೊಡ್ಡ ಗುಂಡಿಯಷ್ಟು. ಅದನ್ನು ದಾಟಿ ಬಚ್ಚಲಿಗೆ ಹೋದೆ. ನಲ್ಲಿಯ ಕೆಳಗೆ ಬಕೆಟ್ಟು ಇತ್ತು. ಅದರ ತಳದಲ್ಲಿ ನಿನ್ನ ಭಾವನ ಹೆಗಲಿನ ಟವಲು, ನಾಲ್ಕು ಮಡಿಕೆ ಮಾಡಿ ಹಾಸಿದ್ದು, ನೆಂದು ಒಣಗಿ ಹಲಗೆಯ ಹಾಗಾಗಿತ್ತು.

ಬಹಳ ಹೊತ್ತು ನನಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಟೈಲರ್‌ನ ಚಪ್ಪಲಿ ಅಂದು ಬಾಗಿಲಲ್ಲಿತ್ತು. ಅವನು ಒಳಗೆ ಮಲಗಿದ್ದಾನೆಂದು ನಿನ್ನ ಭಾವನಿಗೆ ಗೊತ್ತಾಗಿದೆ. ಖಾಲಿ ಬಕೆಟ್ಟಿಗೆ ನೀರು ಬಿದ್ದರೆ ಸದ್ದಾಗುತ್ತದೆ, ಮಲಗಿದವನಿಗೆ ಎಚ್ಚರವಾಗುತ್ತದೆ. ಅದಕ್ಕೆ ಟವಲು ಹಾಸಿದ್ದಾರೆ. ಎಷ್ಟೋ ವರ್ಷದಿಂದ ನೀರು ಬೀಳುವ ಸದ್ದನ್ನೇ ಕೇಳದ ಮನುಷ್ಯ. ಅದು ಇನ್ನೊಬ್ಬರಿಗೆ ಕೇಳುತ್ತದೆ ಅನ್ನುವುದನ್ನು ಮರೆತಿರಲಿಲ್ಲ. ಡ್ರಮ್ಮು ಅಡುಗೆಮನೆಯಲ್ಲಿದೆ. ಅದರ ಮುಚ್ಚಳ ತೆಗೆಯಲೆಂದು ಮೆಲ್ಲಗೆ ಹೆಜ್ಜೆ ಇಡುತ್ತ ಆ ಬಾಗಿಲ ಮುಂದೆ ಹಾದಿದ್ದಾರೆ. ಕಳ್ಳಹೆಜ್ಜೆ ಅಂತ ಟೈಲರ್ ಪೊಲೀಸರಿಗೆ ಹೇಳಿದ್ದ. ಹೌದು, ಅದು ಕಳ್ಳಹೆಜ್ಜೆಯೇ.

ಟವಲನ್ನು ಅಲ್ಲಿಯೇ ಬಿಟ್ಟು ಬಂದೆ. ಟೈಲರ್‌ನ ಹೆಂಡತಿಗೆ ಹೇಳಿಲ್ಲ. ಹೇಳಿದರೆ ಅವನು ಉಳಿಯುವುದಿಲ್ಲ.

ಮುಂದಿನ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಸಂಘದ ವಾರ್ಷಿಕ ಸಭೆ. ಹೊಸದಾಗಿ ಕೊಂಡವರಿಗೆ ಪಾಠ ಹೇಳಲು ಇನ್ನೊಬ್ಬನನ್ನು ಕರೆಸುತ್ತಿದ್ದಾರೆ. ಆಯುಧದ ಆಯ್ಕೆ, ಕೋಣೆಯ ಆಯ್ಕೆ, ಕೂಗುವ ಕ್ರಮ ಎಲ್ಲವೂ ಕಾರ್ಯಕ್ರಮದ ಪಟ್ಟಿಯಲ್ಲಿದೆ. ನಿನ್ನ ಭಾವನ ಹೆಸರು ಇಲ್ಲ. ಮತ್ತೆ ಯಾರೋ ಒಬ್ಬ ಎದ್ದು ಅದೇ ಪ್ರಶ್ನೆ ಕೇಳುತ್ತಾನೆ. ಮತ್ತೆ ಯಾರೋ ಒಬ್ಬರು ನಗಿಸುತ್ತಾರೆ. ಮೊದಲ ಸಾಲಿನಲ್ಲಿ ಯಾರು ಕೂತಿರುತ್ತಾರೋ.

ನಿನ್ನ ಆಗಸ್ಟ್ ಕಾಗದದಲ್ಲಿ ಉತ್ತರವಿದೆ. ಒಂದು ಸಾಲಿನ ಉತ್ತರ. ಅದನ್ನು ನಾನು ಓದಿ ಹೇಳಬಹುದಿತ್ತು, ಆದರೆ ಸತ್ತವನ ಹೆಂಡತಿ ಹೇಳಿದರೆ ಅದು ಗೋಳು ಅನಿಸಿಕೊಳ್ಳುತ್ತದೆ. ಬಂದೂಕು ಮಾರುವವನು ಹೇಳಿದರೆ ಪಾಠವಾಗುತ್ತದೆ. ನಿನ್ನ ಲೈಸೆನ್ಸಿಗೆ, ನಿನ್ನ ಮಗಳ ಓದಿಗೆ ಆಗುವ ನಷ್ಟ ನನಗೆ ತಿಳಿಯದ್ದಲ್ಲ. ನಷ್ಟವಾಗುತ್ತದೆ. ಬಾ.

ಈ ಕಾಗದದ ಒಂದು ಪ್ರತಿಯನ್ನು ಸಭಾಂಗಣದ ಬಾಗಿಲಿಗೆ, ಸಂಘದ ನೋಟಿಸಿನ ಪಕ್ಕಕ್ಕೇ ಅಂಟಿಸುತ್ತಿದ್ದೇನೆ. ಟವಲಿನ ವಿಷಯ ಮಾತ್ರ ಅದರಲ್ಲಿ ಬರೆದಿಲ್ಲ. ಹಾಗಾಗಿ ಇನ್ನು ಮುಂದಿನದು ನಿನಗೆ ಮಾತ್ರವಲ್ಲ, ಅಧ್ಯಕ್ಷರಿಗೂ, ಅಂದು ಕುರ್ಚಿಯ ಮೇಲೆ, ಕಿಟಕಿಯ ಕಟ್ಟೆಯ ಮೇಲೆ ಕೂತು ನಕ್ಕ ಎಲ್ಲರಿಗೂ.

ಮಾರ್ಚ್‌ನಲ್ಲಿ ಕೂಗಿದೆ. ಏಪ್ರಿಲ್‌ನಲ್ಲಿ ಕೂಗಿದೆ. ಜೂನ್‌ನಲ್ಲಿ ಕೂಗಿದೆ. ನನ್ನ ಕೈಯಲ್ಲಿ ಏನೂ ಇಲ್ಲ, ನೀವು ಹೆದರಬೇಕಾಗಿಲ್ಲ. ಆ ಭಾನುವಾರ ಬೆಳಿಗ್ಗೆ ನಾನು ಮೊದಲ ಸಾಲಿನಲ್ಲಿ, ಅವರು ಕೂತಿದ್ದ ಕುರ್ಚಿಯಲ್ಲಿ ಕೂತಿರುತ್ತೇನೆ. ಎದ್ದು ನಿಂತು, ಯಾರನ್ನೂ ನಗಿಸದೆ, ಎಲ್ಲರಿಗೂ ಕೇಳುವ ಹಾಗೆ ಟೈಲರ್‌ನ ಪ್ರಶ್ನೆಗೆ ಉತ್ತರ ಹೇಳಿ: ಮೂರು ಸಲ ಕೂಗಿದ ಮೇಲೂ ಉತ್ತರ ಬರದಿದ್ದರೆ ಏನು ಮಾಡಬೇಕು?

ನಿನ್ನ ಅಕ್ಕ